ಹಾರ್ಟ್ ಆಪರೇಷನ್ ಆದ ಮೇಲೆ ಕಿಡ್ನಿಗೆ ಪೆಟ್ಟು: ಮೂತ್ರದ ಪರೀಕ್ಷೆಯಿಂದ ಮೊದಲೇ ಗೊತ್ತಾಗುತ್ತದೆಯೇ? ಪದೇ ಪದೇ ಕೇಳುವ ಪ್ರಶ್ನೆಗಳು

ಮನೆಯಲ್ಲಿ ಯಾರಿಗಾದರೂ ಬೈಪಾಸ್ ಅಥವಾ ವಾಲ್ವ್ ಆಪರೇಷನ್ ಅಂತಾದರೆ ಎಲ್ಲರ ಗಮನವೂ ಹೃದಯದ ಮೇಲೇ ಇರುತ್ತದೆ. ಎರಡು ಮೂರು ದಿನ ಕಳೆದ ಮೇಲೆ ಡಾಕ್ಟರು ಬಂದು “ಹಾರ್ಟ್ ಚೆನ್ನಾಗಿದೆ, ಆದರೆ ಕ್ರಿಯಾಟಿನಿನ್ ಏರುತ್ತಿದೆ” ಅಂದಾಗ ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಕ್ರಿಯಾಟಿನಿನ್ ಅಂದರೆ ಕಿಡ್ನಿ ಹೊರಹಾಕಬೇಕಾದ ಕಸ, ಅದು ರಕ್ತದಲ್ಲಿ ಏರಿದರೆ ಕಿಡ್ನಿಯ ಕೆಲಸ ಕುಂದಿದೆ ಅಂತ ಅರ್ಥ. ಆ ಹೊತ್ತಿನಲ್ಲಿ ಜನ ಕೇಳುವ ಪ್ರಶ್ನೆಗಳು ಇಲ್ಲಿವೆ. ಇದು ಮಾಹಿತಿ ಮಾತ್ರ. ನಿಮ್ಮ ರೋಗಿಯ ವಿಷಯದಲ್ಲಿ ತೀರ್ಮಾನ ತೆಗೆದುಕೊಳ್ಳಬೇಕಾದವರು ಅವರನ್ನು ಕಣ್ಣಾರೆ ನೋಡುತ್ತಿರುವ ಡಾಕ್ಟರು.

ಆಪರೇಷನ್ ಆಗಿದ್ದು ಹೃದಯಕ್ಕೆ. ಕಿಡ್ನಿಗೆ ಯಾಕೆ ತೊಂದರೆ?

ಹೃದಯ ಪಂಪ್ ಮಾಡುವ ರಕ್ತದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಪಾಲು ಎರಡು ಕಿಡ್ನಿಗಳಿಗೇ ಹೋಗುತ್ತದೆ. ಇಷ್ಟು ರಕ್ತ ಬಂದರೂ ಕಿಡ್ನಿಯ ಒಳಪದರಕ್ಕೆ ಸಿಗುವ ಆಮ್ಲಜನಕ ಕಡಿಮೆ. ಅಲ್ಲಿನ ಸಣ್ಣ ಕೊಳವೆಗಳ ಜೀವಕೋಶಗಳು ಮಾತ್ರ ಹಗಲೂ ರಾತ್ರಿ ದುಡಿಯುತ್ತಿರುತ್ತವೆ. ಹಾಗಾಗಿ ರಕ್ತದ ಹರಿವು ಸ್ವಲ್ಪ ತಗ್ಗಿದರೂ ಮೊದಲು ನರಳುವುದು ಆ ಕೊಳವೆಗಳು.

ಆಪರೇಷನ್ ಹೊತ್ತಿನಲ್ಲಿ ಹೃದಯ, ಶ್ವಾಸಕೋಶ ಎರಡರ ಕೆಲಸವನ್ನೂ ಹಾರ್ಟ್-ಲಂಗ್ ಮೆಷಿನ್ ಮಾಡುತ್ತದೆ. ಆಗ ರಕ್ತದೊತ್ತಡ ಏರಿಳಿಯುತ್ತದೆ. ರಕ್ತ ಪ್ಲಾಸ್ಟಿಕ್ ನಳಿಗೆಗಳಲ್ಲಿ ಓಡಾಡಿದ್ದಕ್ಕೆ ಮೈಯೆಲ್ಲಾ ಒಂದು ರೀತಿಯ ಉರಿಯೂತ ಶುರುವಾಗುತ್ತದೆ. ಪಂಪ್ ಮತ್ತು ಸಕ್ಷನ್ ಒತ್ತಡಕ್ಕೆ ಕೆಲವು ಕೆಂಪು ರಕ್ತಕಣಗಳು ಒಡೆಯುತ್ತವೆ. ಅವುಗಳಿಂದ ಹೊರಬಿದ್ದ ಹಿಮೋಗ್ಲೋಬಿನ್ ಕಿಡ್ನಿಯ ಕೊಳವೆಗಳಿಗೆ ನಂಜಿನಂತೆ ವರ್ತಿಸುತ್ತದೆ. ಇದರ ಜೊತೆಗೆ ಆಪರೇಷನ್‌ಗೆ ಸ್ವಲ್ಪ ಮೊದಲು ಆಂಜಿಯೋಗ್ರಾಮ್‌ಗೆ ಕೊಟ್ಟ ಡೈ, ಕೆಲವು ಆ್ಯಂಟಿಬಯೋಟಿಕ್‌ಗಳು, ರಕ್ತ ಹಾಕಿಸಿಕೊಂಡದ್ದು, ಮೊದಲೇ ಇದ್ದ ಸಕ್ಕರೆ ಕಾಯಿಲೆ, ವಯಸ್ಸು ಕೂಡ ಸೇರಿಕೊಳ್ಳುತ್ತವೆ. ಹೆಚ್ಚಿನವರಲ್ಲಿ ಇಂಥದ್ದೇ ಒಂದು ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ.

ಹಾಗಾದರೆ ಮೆಷಿನ್ ಇಲ್ಲದೆ ಆಪರೇಷನ್ ಮಾಡಿದರೆ ಕಿಡ್ನಿ ಉಳಿಯುತ್ತದೆ, ಅಲ್ವಾ?

ಸ್ವಲ್ಪ ಮಟ್ಟಿಗೆ ಮಾತ್ರ. ಹೃದಯ ಬಡಿಯುತ್ತಿರುವಾಗಲೇ ಮಾಡುವ ಬೈಪಾಸ್ ಬಗ್ಗೆ ‘ಕರೋನರಿ’ ಎಂಬ ದೊಡ್ಡ ಅಧ್ಯಯನ ನಡೆಯಿತು. ಅದರ ಕಿಡ್ನಿ ಭಾಗ 2014ರಲ್ಲಿ ಪ್ರಕಟವಾಯಿತು. ಮೆಷಿನ್ ಬಳಸಿದವರಲ್ಲಿ 20.8% ಜನರಿಗೆ, ಬಳಸದವರಲ್ಲಿ 17.5% ಜನರಿಗೆ ಕಿಡ್ನಿಗೆ ಪೆಟ್ಟಾಗಿತ್ತು. ಒಂದು ವರ್ಷದ ನಂತರ ನೋಡಿದಾಗ ಎರಡೂ ಗುಂಪಿನವರ ಕಿಡ್ನಿ ಒಂದೇ ರೀತಿ ಇತ್ತು. ಯಾವ ವಿಧಾನ ಅನ್ನುವುದನ್ನು ಸರ್ಜನ್ ಹೃದಯದ ಸ್ಥಿತಿ ನೋಡಿ ತೀರ್ಮಾನಿಸಲಿ. ಕಿಡ್ನಿಯ ಕಾರಣಕ್ಕೇ ಪಟ್ಟು ಹಿಡಿಯಬೇಕಾದ ವಿಷಯ ಇದಲ್ಲ.

ಇದು ಎಷ್ಟು ಜನರಿಗೆ ಆಗುತ್ತದೆ?

ಹೃದಯದ ಆಪರೇಷನ್ ಆದ ನೂರು ಜನರಲ್ಲಿ ಸುಮಾರು 20ರಿಂದ 30 ಜನರಿಗೆ ಯಾವುದಾದರೂ ಒಂದು ಹಂತದ ಪೆಟ್ಟಾಗುತ್ತದೆ. ಹೆಚ್ಚಿನದು ಸಣ್ಣದು, ಕೆಲವೇ ದಿನಗಳಲ್ಲಿ ಸರಿಹೋಗುವಂಥದ್ದು. ಡಯಾಲಿಸಿಸ್ ಬೇಕಾಗುವವರು ನೂರಕ್ಕೆ ಎರಡರಿಂದ ಐದು ಜನ. ಆದರೆ ಆ ಕೆಲವರಿಗೆ ಪ್ರಾಣಾಪಾಯ ತುಂಬಾ ಜಾಸ್ತಿ. ಕ್ರಿಯಾಟಿನಿನ್ ಸ್ವಲ್ಪವೇ ಏರಿದವರಲ್ಲೂ ಆಸ್ಪತ್ರೆ ವಾಸ ಹೆಚ್ಚುತ್ತದೆ, ಮುಂದೆ ಕಿಡ್ನಿ ಕಾಯಿಲೆ ಬರುವ ಸಾಧ್ಯತೆಯೂ ಹೆಚ್ಚುತ್ತದೆ. ಅದಕ್ಕೇ ‘ಸ್ವಲ್ಪ ತಾನೇ’ ಅಂತ ಬಿಡುವಂತಿಲ್ಲ.

ಡಾಕ್ಟರು ಯಾವ ಲೆಕ್ಕದಲ್ಲಿ ಇದನ್ನು ‘ಎಕೆಐ’ ಅನ್ನುತ್ತಾರೆ?

ಎಕೆಐ ಅಂದರೆ ಕಿಡ್ನಿಗೆ ದಿಢೀರನೆ ಆದ ಪೆಟ್ಟು. ಕೆಡಿಗೋ ಎಂಬ ಅಂತರರಾಷ್ಟ್ರೀಯ ಕಿಡ್ನಿ ತಜ್ಞರ ಸಂಸ್ಥೆ 2012ರಲ್ಲಿ ತಂದ ಮಾರ್ಗಸೂಚಿಯ ಲೆಕ್ಕವನ್ನೇ ಈಗ ಎಲ್ಲೆಡೆ ಬಳಸುತ್ತಾರೆ. ಈ ಮೂರರಲ್ಲಿ ಯಾವುದಾದರೂ ಒಂದಾದರೆ ಸಾಕು: 48 ಗಂಟೆಯೊಳಗೆ ಕ್ರಿಯಾಟಿನಿನ್ 0.3 ಮಿಲಿಗ್ರಾಂ ಅಥವಾ ಹೆಚ್ಚು ಏರಿರಬೇಕು. ಇಲ್ಲವೇ 7 ದಿನದೊಳಗೆ ಮೊದಲಿದ್ದದ್ದರ ಒಂದೂವರೆ ಪಟ್ಟು ಆಗಿರಬೇಕು. ಇಲ್ಲವೇ ಆರು ಗಂಟೆ ಕಾಲ ಮೂತ್ರ ಕಡಿಮೆಯಾಗಿರಬೇಕು. ಕಡಿಮೆ ಅಂದರೆ ತೂಕದ ಪ್ರತಿ ಕಿಲೋಗೆ ಗಂಟೆಗೆ ಅರ್ಧ ಮಿಲಿಲೀಟರ್‌ಗಿಂತ ಕಡಿಮೆ. 60 ಕಿಲೋ ತೂಕದವರಿಗೆ ಇದು ಗಂಟೆಗೆ 30 ಮಿಲಿ, ಆರು ಗಂಟೆಗೆ 180 ಮಿಲಿ.

ಪೆಟ್ಟು ಎಷ್ಟು ದೊಡ್ಡದು ಅನ್ನುವುದಕ್ಕೆ ಮೂರು ಹಂತಗಳಿವೆ. ಕ್ರಿಯಾಟಿನಿನ್ ಎರಡು ಪಟ್ಟಾದರೆ ಎರಡನೇ ಹಂತ. ಮೂರು ಪಟ್ಟಾದರೆ, ಅಥವಾ 4 ಮುಟ್ಟಿದರೆ, ಅಥವಾ ಡಯಾಲಿಸಿಸ್ ಶುರುವಾದರೆ ಮೂರನೇ ಹಂತ.

ಲ್ಯಾಬ್ ರಿಪೋರ್ಟಿನಲ್ಲಿ ಕ್ರಿಯಾಟಿನಿನ್ 1.2, ‘ನಾರ್ಮಲ್’ ಅಂತಲೇ ಇದೆ. ಆದರೂ ಡಾಕ್ಟರು ಯಾಕೆ ಚಿಂತೆ ಮಾಡುತ್ತಿದ್ದಾರೆ?

ಆಪರೇಷನ್‌ಗೆ ಮೊದಲು ಎಷ್ಟಿತ್ತು ಅಂತ ನೋಡಿ. 0.8 ಇದ್ದದ್ದು ಎರಡು ದಿನದಲ್ಲಿ 1.2 ಆಗಿದ್ದರೆ ಅದು ಒಂದೂವರೆ ಪಟ್ಟು. ಮೇಲಿನ ಲೆಕ್ಕದಲ್ಲಿ ಎಕೆಐ. ಲ್ಯಾಬ್ ರಿಪೋರ್ಟ್‌ಗೆ ನಿಮ್ಮ ಹಳೆಯ ಸಂಖ್ಯೆ ಗೊತ್ತಿರುವುದಿಲ್ಲ. ಎಲ್ಲರಿಗೂ ಒಂದೇ ಮಿತಿ ಇಟ್ಟುಕೊಂಡು ನಾರ್ಮಲ್ ಅಂತ ಛಾಪಿಸುತ್ತದೆ. ಮೈಯಲ್ಲಿ ಮಾಂಸ ಕಡಿಮೆ ಇರುವ ವಯಸ್ಸಾದ ಹೆಂಗಸರಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ, ಯಾಕೆಂದರೆ ಅವರ ಕ್ರಿಯಾಟಿನಿನ್ ಸಹಜವಾಗಿಯೇ ಕಡಿಮೆ ಇರುತ್ತದೆ.

ಆದ್ದರಿಂದ ಆಪರೇಷನ್‌ಗೆ ಮುಂಚಿನ ರಿಪೋರ್ಟ್ ಕಳೆಯಬೇಡಿ. ಫೈಲಿನಲ್ಲಿ ಮೇಲೇ ಇಡಿ. ಬೇರೆ ಊರಿನಲ್ಲಿ ಮಾಡಿಸಿದ್ದರೂ ತನ್ನಿ.

ಕ್ರಿಯಾಟಿನಿನ್ ಟೆಸ್ಟ್ ಇರುವಾಗ ಇನ್ನೊಂದು ಪರೀಕ್ಷೆ ಯಾಕೆ ಬೇಕು?

ಕ್ರಿಯಾಟಿನಿನ್ ತಡವಾಗಿ ಹೇಳುತ್ತದೆ, ಅದಕ್ಕೆ. ಅದು ಸ್ನಾಯುಗಳಿಂದ ಬರುವ ಕಸ. ಕಿಡ್ನಿ ಅದನ್ನು ಹೊರಹಾಕುವುದು ನಿಧಾನವಾದರೆ ರಕ್ತದಲ್ಲಿ ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ. ಬಚ್ಚಲ ತೂತು ಅರ್ಧ ಕಟ್ಟಿಕೊಂಡರೂ ಮೊದಲ ಎರಡು ಚೊಂಬು ನೀರಿಗೆ ಏನೂ ಕಾಣುವುದಿಲ್ಲ. ನೀರು ಕಾಲಿಗೆ ಮುಟ್ಟಿದಾಗಲೇ ಗೊತ್ತಾಗುವುದು. ಇಲ್ಲೂ ಹಾಗೇ.

ಕಿಡ್ನಿಗೆ ಹೆಚ್ಚುವರಿ ಸಾಮರ್ಥ್ಯವೂ ಇದೆ. ಒಂದಷ್ಟು ಭಾಗ ಕೆಟ್ಟರೆ ಉಳಿದ ಭಾಗ ಆ ಕೆಲಸವನ್ನು ಹೊತ್ತುಕೊಳ್ಳುತ್ತದೆ, ಸಂಖ್ಯೆ ಅಲುಗಾಡುವುದಿಲ್ಲ. ಹೃದಯದ ಆಪರೇಷನ್‌ನಲ್ಲಿ ಇನ್ನೂ ಒಂದು ತೊಡಕಿದೆ. ಮೆಷಿನ್ ನಳಿಗೆಗಳನ್ನು ತುಂಬಿಸಲು ಬಳಸಿದ ದ್ರಾವಣ, ಡ್ರಿಪ್ಸ್ ಎಲ್ಲಾ ಸೇರಿ ರಕ್ತ ತೆಳುವಾಗುತ್ತದೆ. ಹಾಗಾಗಿ ಮೊದಲ ದಿನ ಕ್ರಿಯಾಟಿನಿನ್ ಮೊದಲಿಗಿಂತ ಕಡಿಮೆಯೇ ಕಾಣಬಹುದು. ಮನೆಯವರು ಸಮಾಧಾನಪಡುವ ಆ ದಿನವೇ ಒಳಗೆ ಕೊಳವೆಗಳು ಸಾಯುತ್ತಿರಬಹುದು.

ಎದೆನೋವು ಬಂದರೆ ಟ್ರೋಪೋನಿನ್ ಪರೀಕ್ಷೆ ಕೆಲವೇ ಗಂಟೆಗಳಲ್ಲಿ ಹೃದಯದ ಸ್ನಾಯುವಿಗೆ ಆದ ಪೆಟ್ಟನ್ನು ಹೇಳುತ್ತದೆ. ಕಿಡ್ನಿಗೂ ಅಂಥದ್ದೊಂದು ಬೇಕು ಅಂತ ವಿಜ್ಞಾನಿಗಳು ಹುಡುಕಲು ಹೊರಟದ್ದು ಇದಕ್ಕಾಗಿಯೇ.

ಮೂತ್ರದ ಬಯೋಮಾರ್ಕರ್ ಅಂದರೇನು?

ಪೆಟ್ಟು ತಿಂದ, ಇಲ್ಲವೇ ಒತ್ತಡಕ್ಕೆ ಸಿಕ್ಕಿದ ಕಿಡ್ನಿಯ ಜೀವಕೋಶಗಳು ಕೆಲವು ಪ್ರೋಟೀನ್‌ಗಳನ್ನು ಜಾಸ್ತಿ ತಯಾರಿಸಿ ಹೊರಬಿಡುತ್ತವೆ. ಅವು ನೇರವಾಗಿ ಮೂತ್ರಕ್ಕೆ ಸೇರುತ್ತವೆ. ಅವುಗಳನ್ನು ಅಳೆದರೆ ಪೆಟ್ಟಿನ ಸುಳಿವು ಗಂಟೆಗಳಲ್ಲೇ ಸಿಗುತ್ತದೆ. ಕ್ರಿಯಾಟಿನಿನ್ ಹೇಳುವುದು ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ. ಈ ಪ್ರೋಟೀನ್‌ಗಳು ಹೇಳುವುದು ಕೊಳವೆಗಳ ಸ್ಥಿತಿ ಹೇಗಿದೆ ಅಂತ. ಎರಡೂ ಬೇರೆ ಬೇರೆ ಸುದ್ದಿ.

ಹೆಚ್ಚು ಕೇಳಿಬರುವ ಹೆಸರುಗಳು: ಎನ್‌ಜಿಎಎಲ್, ಟಿಂಪ್-2, ಐಜಿಎಫ್‌ಬಿಪಿ7, ಕಿಮ್-1, ಐಎಲ್-18, ಎಲ್-ಎಫ್‌ಎಬಿಪಿ. ಇವು ಮಾಮೂಲಿ ಯೂರಿನ್ ಟೆಸ್ಟಿನಲ್ಲಿ ಬರುವುದಿಲ್ಲ.

ಎನ್‌ಜಿಎಎಲ್ ಬಗ್ಗೆ ಇಷ್ಟೊಂದು ಮಾತು ಯಾಕೆ?

2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನ ಈ ಕ್ಷೇತ್ರವನ್ನೇ ಬದಲಿಸಿತು. ಅಮೆರಿಕದ ಸಿನ್ಸಿನಾಟಿ ಮಕ್ಕಳ ಆಸ್ಪತ್ರೆಯಲ್ಲಿ ಪ್ರಸಾದ್ ದೇವರಾಜನ್ ಅವರ ತಂಡ ಹೃದಯದ ಆಪರೇಷನ್ ಆದ 71 ಮಕ್ಕಳ ಮೂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಿತು. ಅವರಲ್ಲಿ 20 ಮಕ್ಕಳ ಕಿಡ್ನಿಗೆ ಪೆಟ್ಟಾಯಿತು. ಕ್ರಿಯಾಟಿನಿನ್‌ನಿಂದ ಅದು ಗೊತ್ತಾಗಲು ಒಂದರಿಂದ ಮೂರು ದಿನ ಬೇಕಾಯಿತು. ಆದರೆ ಆ ಮಕ್ಕಳ ಮೂತ್ರದಲ್ಲಿ ಎನ್‌ಜಿಎಎಲ್ ಎರಡೇ ಗಂಟೆಯಲ್ಲಿ ಸರಾಸರಿ 1.6ರಿಂದ 147 ಮೈಕ್ರೋಗ್ರಾಂಗೆ ಹಾರಿತ್ತು. 50 ಅನ್ನು ಗಡಿಯಾಗಿ ಇಟ್ಟುಕೊಂಡರೆ ಪೆಟ್ಟಾದ ಒಂದು ಮಗುವೂ ತಪ್ಪಿಸಿಕೊಳ್ಳಲಿಲ್ಲ.

ಎರಡು ಗಂಟೆ ಎಲ್ಲಿ, ಎರಡು ದಿನ ಎಲ್ಲಿ! ಈ ಸುದ್ದಿ ಓದಿದ ಡಾಕ್ಟರುಗಳಿಗೆ ಎಂಥ ಭರವಸೆ ಹುಟ್ಟಿರಬೇಕು ಅಂತ ಊಹಿಸಬಹುದು.

ದೊಡ್ಡವರಲ್ಲೂ ಅಷ್ಟೇ ಚೆನ್ನಾಗಿ ಕೆಲಸ ಮಾಡಿತೇ?

ಇಲ್ಲ. ಇದನ್ನು ಬಿಡಿಸಿ ಹೇಳಲೇಬೇಕು, ಯಾಕೆಂದರೆ ಮಕ್ಕಳ ಫಲಿತಾಂಶವನ್ನೇ ಎಲ್ಲರಿಗೂ ಅನ್ವಯಿಸಿ ಬರೆಯುವುದು ರೂಢಿಯಾಗಿದೆ.

ಉತ್ತರ ಅಮೆರಿಕದ ಆರು ಕೇಂದ್ರಗಳಲ್ಲಿ ಚಿರಾಗ್ ಪಾರಿಖ್ ಅವರ ನೇತೃತ್ವದಲ್ಲಿ ‘ಟ್ರೈಬ್-ಎಕೆಐ’ ಅಧ್ಯಯನ ನಡೆಯಿತು. ಹೃದಯದ ಆಪರೇಷನ್ ಆದ 1219 ವಯಸ್ಕರ ಫಲಿತಾಂಶ 2011ರಲ್ಲಿ ಬಂತು. ಊಹೆ ಎಷ್ಟು ಸರಿ ಅನ್ನುವುದಕ್ಕೆ ಒಂದು ಅಂಕವಿದೆ. 1 ಬಂದರೆ ಎಲ್ಲೂ ತಪ್ಪದ ಪರೀಕ್ಷೆ. 0.5 ಬಂದರೆ ಸುಮ್ನೆ ಕಣ್ಣುಮುಚ್ಚಿ ಹೇಳಿದ ಹಾಗೆ. ವಯಸ್ಸು, ಸಕ್ಕರೆ ಕಾಯಿಲೆ ಮುಂತಾದವನ್ನಷ್ಟೇ ನೋಡಿ ಮಾಡಿದ ಊಹೆಗೆ 0.69 ಬಂತು. ಮೂತ್ರದ ಐಎಲ್-18 ಸೇರಿಸಿದರೆ 0.76, ರಕ್ತದ ಎನ್‌ಜಿಎಎಲ್ ಸೇರಿಸಿದರೆ 0.75. ಸುಧಾರಿಸಿತು, ನಿಜ. ಆದರೆ ಸಿನ್ಸಿನಾಟಿಯಲ್ಲಿ ಬಂದದ್ದು 0.998. ವಯಸ್ಕರಲ್ಲಿ ಮೂತ್ರದ ಎನ್‌ಜಿಎಎಲ್‌ಗೆ ಅಷ್ಟು ಬಲವೇ ಕಾಣಲಿಲ್ಲ.

ಯಾಕೆ ಹೀಗಾಯಿತು? ಆ ಮಕ್ಕಳಿಗೆ ಹೃದಯದ ದೋಷ ಬಿಟ್ಟರೆ ಬೇರೆ ಕಾಯಿಲೆ ಹೆಚ್ಚು ಇರಲಿಲ್ಲ. 65 ವರ್ಷದವರಿಗೆ ಸಕ್ಕರೆ, ಬಿಪಿ, ಹಳೆಯ ಕಿಡ್ನಿ ತೊಂದರೆ ಎಲ್ಲವೂ ಇರಬಹುದು. ಅಂಥವರ ಮೂತ್ರದಲ್ಲಿ ಎನ್‌ಜಿಎಎಲ್ ಆಪರೇಷನ್‌ಗೆ ಮೊದಲೇ ಹೆಚ್ಚಿರುತ್ತದೆ. ಬಿಳಿ ರಕ್ತಕಣಗಳೂ ಇದನ್ನು ಬಿಡುವುದರಿಂದ ಮೂತ್ರದ ಸೋಂಕಿನಲ್ಲೂ ಇದು ಏರುತ್ತದೆ. ಇನ್ನೊಂದು ವಿಷಯ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಈ ಹೊಸ ಪರೀಕ್ಷೆಗಳು ಸರಿಯೋ ತಪ್ಪೋ ಅಂತ ಅಳೆದದ್ದು ಕ್ರಿಯಾಟಿನಿನ್ ಪಕ್ಕದಲ್ಲಿಟ್ಟು. ಕ್ರಿಯಾಟಿನಿನ್ ಸರಿಯಿಲ್ಲ ಅಂತ ತಾನೇ ಹೊಸದನ್ನು ಹುಡುಕಿದ್ದು? ಅಳತೆಗೋಲೇ ಡೊಂಕಾಗಿದ್ದರೆ ಹೊಸದರ ಅಂಕವೂ ಕಡಿಮೆ ಕಾಣಬಹುದು.

ಈಗ ಮಕ್ಕಳಿಗೆ ಈ ಪರೀಕ್ಷೆ ಬಳಕೆಯಲ್ಲಿದೆಯೇ?

ಇದೆ. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆಯಾದ ಎಫ್‌ಡಿಎ 2023ರ ಡಿಸೆಂಬರ್‌ನಲ್ಲಿ ‘ಪ್ರೋನೆಫ್ರೋ ಎಕೆಐ’ ಎಂಬ ಮೂತ್ರದ ಎನ್‌ಜಿಎಎಲ್ ಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಮೂರು ತಿಂಗಳ ಮಗುವಿನಿಂದ 21 ವರ್ಷದೊಳಗಿನವರಿಗೆ ಅದು. ಲ್ಯಾನ್ಸೆಟ್ ಲೇಖನ ಬಂದ 18 ವರ್ಷಗಳ ನಂತರ!

‘ನೆಫ್ರೋಚೆಕ್’ ಅಂದರೇನು?

ಇದು ಟಿಂಪ್-2 ಮತ್ತು ಐಜಿಎಫ್‌ಬಿಪಿ7 ಎಂಬ ಎರಡು ಪ್ರೋಟೀನ್‌ಗಳನ್ನು ಒಟ್ಟಿಗೆ ಅಳೆಯುವ ಮೂತ್ರದ ಪರೀಕ್ಷೆ. ಒತ್ತಡಕ್ಕೆ ಸಿಕ್ಕ ಜೀವಕೋಶ ತಾನು ವಿಭಜನೆಯಾಗುವುದನ್ನು ಸ್ವಲ್ಪ ಹೊತ್ತು ನಿಲ್ಲಿಸುತ್ತದೆ. ಕೆಟ್ಟುಹೋದ ಡಿಎನ್‌ಎ ಇಟ್ಟುಕೊಂಡು ಇಬ್ಭಾಗವಾಗುವುದು ಬೇಡ ಅಂತ ಅದು ತನ್ನನ್ನು ಕಾಪಾಡಿಕೊಳ್ಳುವ ಬಗೆ. ಆ ಹೊತ್ತಿನಲ್ಲಿ ಈ ಎರಡು ಪ್ರೋಟೀನ್‌ಗಳು ಏರುತ್ತವೆ. ಅಂದರೆ ಜೀವಕೋಶ ಸಾಯುವುದಕ್ಕೆ ಮೊದಲೇ ಎಚ್ಚರಿಕೆ ಸಿಗುತ್ತದೆ.

340 ಪ್ರೋಟೀನ್‌ಗಳನ್ನು ಜಾಲಾಡಿ ಈ ಎರಡನ್ನು ಆರಿಸಿದ್ದರು. ‘ಸಫೈರ್’ ಎಂಬ ಆ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಐಸಿಯುನಲ್ಲಿದ್ದ 728 ರೋಗಿಗಳಲ್ಲಿ ಇದಕ್ಕೆ 0.80 ಅಂಕ ಸಿಕ್ಕಿತು. 2014ರ ಸೆಪ್ಟೆಂಬರ್‌ನಲ್ಲಿ ಎಫ್‌ಡಿಎ ಒಪ್ಪಿಗೆ ಕೊಟ್ಟಿತು. ಮುಂದಿನ 12 ಗಂಟೆಗಳಲ್ಲಿ ಎರಡನೇ ಅಥವಾ ಮೂರನೇ ಹಂತದ ಪೆಟ್ಟಾಗುವ ಅಪಾಯ ಎಷ್ಟಿದೆ ಅನ್ನುವುದನ್ನು ಇದು ಹೇಳುತ್ತದೆ. 0.3ಕ್ಕಿಂತ ಜಾಸ್ತಿ ಇದ್ದರೆ ಅಪಾಯ ಹೆಚ್ಚು, 2.0 ದಾಟಿದರೆ ತುಂಬಾ ಹೆಚ್ಚು.

ಪರೀಕ್ಷೆ ಪಾಸಿಟಿವ್ ಬಂದರೆ ಕಿಡ್ನಿ ಹೋಯಿತು ಅಂತಲೇ?

ಖಂಡಿತ ಅಲ್ಲ. ಒಂದು ಲೆಕ್ಕ ಹಾಕಿ ನೋಡೋಣ. 2014ರಲ್ಲಿ ಬಂದ ‘ಟೋಪಾಜ್’ ಎಂಬ ಅಧ್ಯಯನದಲ್ಲಿ ನೆಫ್ರೋಚೆಕ್ 0.3 ಗಡಿಯಲ್ಲಿ, ಪೆಟ್ಟಾಗುವವರಲ್ಲಿ 92% ಜನರನ್ನು ಹಿಡಿಯಿತು. ಪೆಟ್ಟಾಗದವರಲ್ಲಿ 46% ಜನರಿಗೆ ಮಾತ್ರ ‘ಚಿಂತೆಯಿಲ್ಲ’ ಅಂದಿತು.

ಐಸಿಯುನಲ್ಲಿ 100 ಜನ ಇದ್ದಾರೆ, ಅವರಲ್ಲಿ 20 ಜನರಿಗೆ ದೊಡ್ಡ ಪೆಟ್ಟಾಗಲಿದೆ ಅಂದುಕೊಳ್ಳಿ. ಆ 20ರಲ್ಲಿ ಸುಮಾರು 18 ಜನರಿಗೆ ಪಾಸಿಟಿವ್ ಬರುತ್ತದೆ, ಇಬ್ಬರು ತಪ್ಪಿಹೋಗುತ್ತಾರೆ. ಏನೂ ಆಗದ 80 ಜನರಲ್ಲಿ ಸುಮಾರು 43 ಜನರಿಗೂ ಪಾಸಿಟಿವ್ ಬರುತ್ತದೆ. ಒಟ್ಟು 61 ಪಾಸಿಟಿವ್, ಅದರಲ್ಲಿ ನಿಜ 18. ಅಂದರೆ ಪಾಸಿಟಿವ್ ಬಂದ ಹತ್ತು ಜನರಲ್ಲಿ ಏಳು ಜನರಿಗೆ ದೊಡ್ಡ ಪೆಟ್ಟು ಆಗುವುದಿಲ್ಲ. ನೆಗೆಟಿವ್ ಬಂದ 39 ಜನರಲ್ಲಿ ತಪ್ಪಿದ್ದು ಇಬ್ಬರ ವಿಷಯದಲ್ಲಿ ಮಾತ್ರ.

ಆದ್ದರಿಂದ ನೆಗೆಟಿವ್ ಬಂದರೆ ಡಾಕ್ಟರು ಹೆಚ್ಚು ಧೈರ್ಯದಿಂದ ಇರಬಹುದು. ಪಾಸಿಟಿವ್ ಬಂದರೆ ‘ಇವರನ್ನು ಕಣ್ಣಿಟ್ಟು ನೋಡಿಕೊಳ್ಳಿ’ ಅಂತ ಅರ್ಥ, ಅಷ್ಟೇ. ಮನೆಯವರು ಇದನ್ನು ತೀರ್ಪಿನ ಹಾಗೆ ತೆಗೆದುಕೊಂಡು ಕಂಗಾಲಾಗುವುದು ಬೇಡ.

ಮೊದಲೇ ಗೊತ್ತಾದರೆ ಏನು ಪ್ರಯೋಜನ? ಮಾಡುವುದಕ್ಕೆ ಏನಾದರೂ ಇದೆಯೇ?

ಇಡೀ ವಿಷಯದ ಜೀವಾಳ ಈ ಪ್ರಶ್ನೆಯಲ್ಲಿದೆ. ಗೊತ್ತಾದ ಮೇಲೂ ಚಿಕಿತ್ಸೆಯಲ್ಲಿ ಏನೂ ಬದಲಾಗದಿದ್ದರೆ ಪರೀಕ್ಷೆಗೆ ಕೊಟ್ಟ ದುಡ್ಡು ದಂಡ.

ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ ಇದನ್ನು ನೇರವಾಗಿ ಪರೀಕ್ಷಿಸಿದರು. ಹೃದಯದ ಆಪರೇಷನ್ ಆಗಿ, ನೆಫ್ರೋಚೆಕ್ 0.3ಕ್ಕಿಂತ ಹೆಚ್ಚು ಬಂದ 276 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಮಾಮೂಲಿ ಆರೈಕೆ. ಇನ್ನೊಂದಕ್ಕೆ ಕೆಡಿಗೋ ಹೇಳುವ ಆರೈಕೆಯನ್ನು ಒಂದೂ ಬಿಡದೆ ಕೊಟ್ಟರು. ಹೃದಯದಿಂದ ಎಷ್ಟು ರಕ್ತ ಹೊರಡುತ್ತಿದೆ ಅಂತ ಅಳೆದು ಡ್ರಿಪ್ಸ್ ಮತ್ತು ಬಿಪಿ ಔಷಧಿ ಹೊಂದಿಸಿದರು. ಕಿಡ್ನಿಗೆ ಒಗ್ಗದ ಔಷಧಿಗಳನ್ನು ದೂರವಿಟ್ಟರು. ರಾಮಿಪ್ರಿಲ್, ಟೆಲ್ಮಿಸಾರ್ಟನ್ ಜಾತಿಯ ಬಿಪಿ ಮಾತ್ರೆಗಳನ್ನು ಮೊದಲ 48 ಗಂಟೆ ಕೊಡಲಿಲ್ಲ. ಸಕ್ಕರೆ ಏರದಂತೆ ನೋಡಿಕೊಂಡರು. ಡೈ ಬೇಕಾಗುವ ಸ್ಕ್ಯಾನ್‌ಗಳನ್ನು ಆದಷ್ಟು ತಪ್ಪಿಸಿದರು.

2017ರಲ್ಲಿ ಫಲಿತಾಂಶ ಬಂತು. ಮಾಮೂಲಿ ಗುಂಪಿನಲ್ಲಿ 71.7% ಜನರಿಗೆ ಎಕೆಐ ಆಗಿತ್ತು, ಎಚ್ಚರದ ಗುಂಪಿನಲ್ಲಿ 55.1%. ದೊಡ್ಡ ಪೆಟ್ಟು 44.9%ರಿಂದ 29.7%ಕ್ಕೆ ಇಳಿದಿತ್ತು. ಡಯಾಲಿಸಿಸ್ ಮತ್ತು ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ನಂತರ 12 ಕೇಂದ್ರಗಳಲ್ಲಿ 278 ಜನರ ಮೇಲೆ ಮಾಡಿದ ಅಧ್ಯಯನ 2021ರಲ್ಲಿ ಬಂತು. ಅದರಲ್ಲಿ ಒಟ್ಟು ಎಕೆಐ ಕಡಿಮೆಯಾಗಲಿಲ್ಲ, ಆದರೆ ದೊಡ್ಡ ಪೆಟ್ಟು 23.9%ರಿಂದ 14%ಕ್ಕೆ ಇಳಿಯಿತು.

ಆ ಆರೈಕೆಯ ಪಟ್ಟಿಯನ್ನು ಇನ್ನೊಮ್ಮೆ ಓದಿ. ಅದರಲ್ಲಿ ಹೊಸ ಔಷಧಿ ಒಂದೂ ಇಲ್ಲ! ಎಲ್ಲಾ ಐಸಿಯುಗಳಲ್ಲೂ ಮಾಡಬೇಕಾದ ಕೆಲಸಗಳೇ. ಆದರೆ ಮ್ಯೂನ್‌ಸ್ಟರ್‌ನಂಥ ಕಡೆಯಲ್ಲೂ ಮಾಮೂಲಿ ಆರೈಕೆಯಲ್ಲಿ ಅಷ್ಟನ್ನೂ ಒಟ್ಟಿಗೆ ಪಾಲಿಸುವವರು ಕಡಿಮೆಯೇ. ಪರೀಕ್ಷೆಯ ಕೆಂಪು ಗುರುತು ಕಂಡಾಗ ಪಾಲಿಸುತ್ತಾರೆ. ನನ್ನ ಅಭಿಪ್ರಾಯದಲ್ಲಿ ಈ ಪರೀಕ್ಷೆಯ ನಿಜವಾದ ಬೆಲೆ ಅದೇ: ಯಾರ ಹಾಸಿಗೆಯ ಪಕ್ಕ ಈ ರಾತ್ರಿ ಹೆಚ್ಚು ಹೊತ್ತು ನಿಲ್ಲಬೇಕು ಅಂತ ಅದು ಹೇಳುತ್ತದೆ.

ಕಿಡ್ನಿ ಕಾಪಾಡಲು ಒಂದು ಇಂಜೆಕ್ಷನ್ ಕೊಡಬಾರದೇ?

ಅಂಥ ಇಂಜೆಕ್ಷನ್‌ಗಾಗಿ ಎಷ್ಟೋ ವರ್ಷಗಳಿಂದ ಹುಡುಕುತ್ತಿದ್ದಾರೆ. ಕಡಿಮೆ ಡೋಸಿನ ಡೋಪಮಿನ್ ಕಿಡ್ನಿಯನ್ನು ಉಳಿಸುತ್ತದೆ ಅಂತ ಬಹಳ ಕಾಲ ನಂಬಿದ್ದರು, ಉಳಿಸುವುದಿಲ್ಲ ಅಂತ ಸಾಬೀತಾಯಿತು. ಲಾಸಿಕ್ಸ್ ಮೂತ್ರವನ್ನು ಜಾಸ್ತಿ ಮಾಡುತ್ತದೆ, ಮೈಯಲ್ಲಿ ನೀರು ತುಂಬಿದಾಗ ಬೇಕೇ ಬೇಕು. ಆದರೆ ಕಿಡ್ನಿಗೆ ಪೆಟ್ಟಾಗುವುದನ್ನು ಅದು ತಡೆಯುವುದಿಲ್ಲ. ಮೂತ್ರದ ಚೀಲ ತುಂಬಿದ್ದು ನೋಡಿ ಕಿಡ್ನಿ ಸರಿಹೋಯಿತು ಅಂದುಕೊಳ್ಳಬೇಡಿ.

ಈಚೆಗೆ ಒಂದು ಒಳ್ಳೆಯ ಸುದ್ದಿ ಬಂದಿದೆ. 2024ರಲ್ಲಿ ‘ಪ್ರೊಟೆಕ್ಷನ್’ ಎಂಬ ಅಧ್ಯಯನದಲ್ಲಿ ಹೃದಯದ ಆಪರೇಷನ್ ಆದ 3511 ಜನರಲ್ಲಿ ಅರ್ಧದಷ್ಟು ಜನರಿಗೆ ಅಮೈನೋ ಆಮ್ಲಗಳ ಡ್ರಿಪ್ ಕೊಟ್ಟರು. ಅವರಲ್ಲಿ ಎಕೆಐ 26.9%, ಉಳಿದವರಲ್ಲಿ 31.7%. ವ್ಯತ್ಯಾಸ ಸಣ್ಣದು, ಸಾವು ಕಡಿಮೆಯಾಗಲಿಲ್ಲ. ಆದರೂ ಸೋಲಿನ ಮೇಲೆ ಸೋಲು ಕಂಡ ಕ್ಷೇತ್ರದಲ್ಲಿ ಇದು ದೊಡ್ಡದೇ.

ಪಾಸಿಟಿವ್ ಬಂದ ತಕ್ಷಣ ಡಯಾಲಿಸಿಸ್ ಶುರು ಮಾಡಿದರೆ ಒಳ್ಳೆಯದಲ್ಲವೇ?

ಅಲ್ಲ. ಬೇಗ ಶುರು ಮಾಡಿದರೆ ಜೀವ ಉಳಿಯುತ್ತದೆಯೇ ಅಂತ 2020ರಲ್ಲಿ ಪ್ರಕಟವಾದ ‘ಸ್ಟಾರ್ಟ್-ಎಕೆಐ’ ಅಧ್ಯಯನ ಸುಮಾರು 3000 ಐಸಿಯು ರೋಗಿಗಳಲ್ಲಿ ನೋಡಿತು. 90 ದಿನಗಳಲ್ಲಿ ತೀರಿಕೊಂಡವರು ಬೇಗ ಮಾಡಿದ ಗುಂಪಿನಲ್ಲಿ 43.9%, ಕಾದು ಮಾಡಿದ ಗುಂಪಿನಲ್ಲಿ 43.7%. ಪೊಟ್ಯಾಸಿಯಂ ಏರಿದ್ದರೆ, ಶ್ವಾಸಕೋಶದಲ್ಲಿ ನೀರು ತುಂಬಿದ್ದರೆ, ರಕ್ತದಲ್ಲಿ ಆಮ್ಲ ಜಾಸ್ತಿಯಾಗಿದ್ದರೆ ಕಾಯುವಂತಿಲ್ಲ. ಅವ್ಯಾವೂ ಇಲ್ಲದಿದ್ದರೆ ಡಾಕ್ಟರು ಕಾದು ನೋಡುವುದು ಅಸಡ್ಡೆಯಿಂದ ಅಲ್ಲ. ಕಾಯುವಾಗ ಎಷ್ಟೋ ಜನರ ಕಿಡ್ನಿ ತಾನಾಗಿಯೇ ಚೇತರಿಸಿಕೊಳ್ಳುತ್ತದೆ.

ಕ್ರಿಯಾಟಿನಿನ್ ಏರಿಲ್ಲ, ಬಯೋಮಾರ್ಕರ್ ಮಾತ್ರ ಏರಿದೆ. ಇದಕ್ಕೆ ಏನನ್ನುತ್ತಾರೆ?

2020ರಲ್ಲಿ ಪ್ರಕಟವಾದ ತಜ್ಞರ ಒಮ್ಮತದ ವರದಿಯೊಂದು ಇದಕ್ಕೆ ‘1ಎಸ್ ಹಂತ’ ಅಂತ ಹೆಸರಿಡಲು ಸೂಚಿಸಿತು. ಹೊರಗೆ ಕಾಣದ, ಆದರೆ ಒಳಗೆ ಶುರುವಾದ ಪೆಟ್ಟು ಅದು.

ಆಪರೇಷನ್‌ಗೆ ಮೊದಲೇ ಅಪಾಯ ಅಳೆಯಲು ಆಗುತ್ತದೆಯೇ?

ಆಗುತ್ತದೆ, ಅದಕ್ಕೆ ಯಾವ ಕಿಟ್ ಕೂಡ ಬೇಡ. 2005ರಲ್ಲಿ ಬಂದ ಕ್ಲೀವ್‌ಲ್ಯಾಂಡ್ ಕ್ಲಿನಿಕ್ ಸ್ಕೋರ್ 0ಯಿಂದ 17ರವರೆಗೆ ಅಂಕ ಕೊಡುತ್ತದೆ. ಕ್ರಿಯಾಟಿನಿನ್ ಮೊದಲೇ ಹೆಚ್ಚಿದೆಯೇ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆಯೇ, ಹೃದಯದ ಪಂಪಿಂಗ್ ಕಡಿಮೆ ಇದೆಯೇ, ಹಿಂದೆ ಹೃದಯದ ಆಪರೇಷನ್ ಆಗಿದೆಯೇ, ಇದು ತುರ್ತು ಆಪರೇಷನ್ನೇ, ಬೈಪಾಸ್ ಮತ್ತು ವಾಲ್ವ್ ಎರಡೂ ಒಟ್ಟಿಗೇ ಮಾಡುತ್ತಾರೆಯೇ ಅಂತೆಲ್ಲಾ ನೋಡಿ ಡಯಾಲಿಸಿಸ್ ಬೇಕಾಗುವ ಸಾಧ್ಯತೆಯನ್ನು ಅಂದಾಜು ಮಾಡುತ್ತದೆ. ಮೂತ್ರದ ಬಯೋಮಾರ್ಕರ್ ಕೆಲಸ ಶುರುವಾಗುವುದು ಆಪರೇಷನ್ ಆದ ಮೇಲೆ, ಮೊದಲ ಕೆಲವು ಗಂಟೆಗಳಲ್ಲಿ. ತೀರಾ ಬೇಗ ಅಥವಾ ತೀರಾ ತಡವಾಗಿ ಮಾದರಿ ತೆಗೆದರೆ ಫಲಿತಾಂಶ ದಾರಿ ತಪ್ಪಿಸಬಹುದು.

ನಮ್ಮ ಕಡೆ ಈ ಪರೀಕ್ಷೆ ಸಿಗುತ್ತದೆಯೇ?

ದೊಡ್ಡ ಊರುಗಳ ಕೆಲವು ಆಸ್ಪತ್ರೆ ಮತ್ತು ಲ್ಯಾಬ್‌ಗಳಲ್ಲಿ ಎನ್‌ಜಿಎಎಲ್ ಮಾಡುತ್ತಾರೆ. ಎಲ್ಲಾ ಕಡೆ ಮಾಮೂಲಿಯಾಗಿ ಮಾಡುವುದಿಲ್ಲ. ಕೇಳುವಾಗ ಬೆಲೆಯ ಜೊತೆಗೆ ಇನ್ನೊಂದನ್ನೂ ಕೇಳಿ: ರಿಪೋರ್ಟ್ ಯಾವಾಗ ಬರುತ್ತದೆ? ಮಾದರಿ ಬೇರೆ ಊರಿಗೆ ಹೋಗಿ ಮಾರನೇ ದಿನ ಸಂಜೆ ಉತ್ತರ ಬರುವುದಾದರೆ ಅಷ್ಟರಲ್ಲಿ ಕ್ರಿಯಾಟಿನಿನ್ನೇ ಏರಿರುತ್ತದೆ. ಗಂಟೆಗಳನ್ನು ಉಳಿಸಲೆಂದೇ ಇರುವ ಪರೀಕ್ಷೆಗೆ ಒಂದು ದಿನ ಕಾದರೆ ಅರ್ಥವಿಲ್ಲ.

ನಮ್ಮ ಆಸ್ಪತ್ರೆಯಲ್ಲಿ ಇದು ಇಲ್ಲ. ನಮ್ಮವರಿಗೆ ಅನ್ಯಾಯವಾಗುತ್ತಿದೆಯೇ?

ಇಲ್ಲ. ದಯವಿಟ್ಟು ಹಾಗೆ ಕೊರಗಬೇಡಿ. ಮೇಲೆ ಹೇಳಿದ ಆರೈಕೆಯನ್ನು ಪರೀಕ್ಷೆ ಇಲ್ಲದೆಯೂ ಕೊಡಬಹುದು. ಗಂಟೆಗೊಮ್ಮೆ ಮೂತ್ರ ಅಳೆದು ಬರೆಯುವ ನರ್ಸ್ ಇದ್ದರೆ, ಅದನ್ನು ನೋಡಿ ತಕ್ಷಣ ಬರುವ ಡಾಕ್ಟರು ಇದ್ದರೆ, ಅದು ದುಬಾರಿ ಕಿಟ್‌ಗಿಂತ ಕಡಿಮೆಯೇನಲ್ಲ.

ಇನ್ನೊಂದು ಅಗ್ಗದ ದಾರಿಯೂ ಇದೆ. ಈಗಾಗಲೇ ಸಣ್ಣ ಪೆಟ್ಟಾಗಿರುವವರಿಗೆ, ಮೈಯಲ್ಲಿ ನೀರಿನಂಶ ಸಾಕಷ್ಟಿದೆ ಅಂತ ಖಚಿತಪಡಿಸಿಕೊಂಡು, ಡಾಕ್ಟರು ಅಳತೆ ಮಾಡಿ ಲಾಸಿಕ್ಸ್ ಕೊಡುತ್ತಾರೆ. ಎರಡು ಗಂಟೆಯಲ್ಲಿ 200 ಮಿಲಿಗಿಂತ ಕಡಿಮೆ ಮೂತ್ರ ಬಂದರೆ ಪೆಟ್ಟು ಮೂರನೇ ಹಂತಕ್ಕೆ ಹೋಗುವ ಸಾಧ್ಯತೆ ಹೆಚ್ಚು. 2013ರಲ್ಲಿ ಲಖ್ಮೀರ್ ಚಾವ್ಲಾ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಐಸಿಯುನಲ್ಲಿ, ಡಾಕ್ಟರ ಕಣ್ಣೆದುರೇ ಮಾಡಬೇಕಾದದ್ದು ಇದು.

ಆಪರೇಷನ್ ಆದ ಮೇಲೆ ಮೂತ್ರ ಕೆಂಪಗಿದೆ. ಗಾಬರಿಯಾಗಬೇಕೇ?

ಕ್ಯಾತಿಟರ್ ಹಾಕುವಾಗ ಆದ ಸಣ್ಣ ಗಾಯದಿಂದ ಆಗಿರಬಹುದು. ಮೆಷಿನ್‌ನಲ್ಲಿ ಒಡೆದ ರಕ್ತಕಣಗಳ ಬಣ್ಣವೂ ಆಗಿರಬಹುದು. ನೋಡಿದ ಕೂಡಲೇ ನರ್ಸ್‌ಗೆ ತಿಳಿಸಿ.

ಮನೆಯವರು ಡಾಕ್ಟರನ್ನು ಏನು ಕೇಳಬಹುದು?

“ಡಾಕ್ಟ್ರೇ, ಆಪರೇಷನ್‌ಗೆ ಮೊದಲು ಕ್ರಿಯಾಟಿನಿನ್ ಎಷ್ಟಿತ್ತು, ಇವತ್ತು ಎಷ್ಟಿದೆ?” ಅಂತ ಕೇಳಿ. “ಗಂಟೆಗೆ ಮೂತ್ರ ಎಷ್ಟು ಬರುತ್ತಿದೆ?” ಅಂತ ಕೇಳಿ. ಮನೆಯಲ್ಲಿ ತೆಗೆದುಕೊಳ್ಳುತ್ತಿದ್ದ ಎಲ್ಲಾ ಮಾತ್ರೆಗಳ ಹೆಸರನ್ನೂ ಹೇಳಿ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ತಂದ ಮಾತ್ರೆ, ನಾಟಿ ಔಷಧಿ, ಯಾರೋ ಕೊಟ್ಟ ಭಸ್ಮ ಯಾವುದನ್ನೂ ಮುಚ್ಚಿಡಬೇಡಿ. ಬೈಯುತ್ತಾರೆ ಅಂತ ಹೆದರಿ ಜನ ಇದನ್ನೇ ಹೇಳುವುದಿಲ್ಲ. ಕಿಡ್ನಿಯ ವಿಷಯದಲ್ಲಿ ಆ ಮಾಹಿತಿಯೇ ಕೆಲವೊಮ್ಮೆ ಎಲ್ಲಕ್ಕಿಂತ ಮುಖ್ಯ.

ನೀರು ಜಾಸ್ತಿ ಕುಡಿಸಿದರೆ ಕಿಡ್ನಿ ಬೇಗ ಸರಿಹೋಗುತ್ತದೆಯೇ?

ಹೃದಯದ ಆಪರೇಷನ್ ಆದವರಿಗೆ ಈ ಸಲಹೆ ಅಪಾಯ ತರಬಹುದು. ಹೆಚ್ಚಾದ ನೀರು ಶ್ವಾಸಕೋಶಕ್ಕೆ ಸೇರುತ್ತದೆ, ಹೃದಯಕ್ಕೆ ಭಾರವಾಗುತ್ತದೆ. ಕಿಡ್ನಿಯೂ ಊದಿಕೊಂಡು ನರಳುತ್ತದೆ. ದಿನಕ್ಕೆ ಎಷ್ಟು ಅಂತ ಡಾಕ್ಟರು ಹೇಳಿದ್ದಾರೋ ಅಷ್ಟೇ ಕುಡಿಸಿ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಸೋತಿರುವಾಗ ಅದನ್ನು ಕೇಳದೆ ಕೊಡಲೇಬೇಡಿ.

ಡಿಸ್ಚಾರ್ಜ್ ಆದ ಮೇಲೆ ಏನು ಮಾಡಬೇಕು?

ಡಿಸ್ಚಾರ್ಜ್ ಸಮ್ಮರಿಯಲ್ಲಿ ಎಕೆಐ ಆಗಿತ್ತು ಅಂತ ಬರೆದಿದೆಯೇ ನೋಡಿ. ಇಲ್ಲದಿದ್ದರೆ ಬರೆಸಿಕೊಳ್ಳಿ. ಮುಂದೆ ಯಾವುದೇ ಡಾಕ್ಟರು ಡೈ ಹಾಕುವ ಸ್ಕ್ಯಾನ್ ಹೇಳಿದರೂ ನೋವಿನ ಮಾತ್ರೆ ಬರೆದರೂ ಆ ಒಂದು ಸಾಲು ಅವರನ್ನು ಎಚ್ಚರಿಸುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಜಾತಿಯ ಮಾತ್ರೆಗಳನ್ನು ಸ್ವಂತವಾಗಿ ಕೊಂಡು ನುಂಗಬೇಡಿ. ಎದೆಯ ಹೊಲಿಗೆ ನೋವಿಗೂ ಡಾಕ್ಟರು ಬರೆದದ್ದನ್ನೇ ತೆಗೆದುಕೊಳ್ಳಿ. ನಿಲ್ಲಿಸಿದ್ದ ಬಿಪಿ ಮಾತ್ರೆಯನ್ನು ಯಾವಾಗ ಮತ್ತೆ ಶುರು ಮಾಡಬೇಕು ಅಂತ ಕೇಳಿಕೊಳ್ಳಿ. ನೀವೇ ತೀರ್ಮಾನಿಸಿ ಶುರು ಮಾಡುವುದೂ ಬೇಡ, ಮರೆತು ಬಿಟ್ಟುಬಿಡುವುದೂ ಬೇಡ.

ಎಕೆಐ ಆದವರನ್ನು ಮೂರು ತಿಂಗಳಿಗೆ ಮತ್ತೆ ಪರೀಕ್ಷಿಸಿ, ಕಿಡ್ನಿ ಪೂರ್ತಿ ಚೇತರಿಸಿಕೊಂಡಿದೆಯೇ ಅಂತ ನೋಡಬೇಕು ಅನ್ನುತ್ತದೆ ಕೆಡಿಗೋ. ಅಷ್ಟು ಹೊತ್ತಿಗೆ ರೋಗಿ ಓಡಾಡುತ್ತಿರುತ್ತಾರೆ, ಊಟ ತಿಂಡಿ ಸರಿಯಾಗಿರುತ್ತದೆ, ಹಾರ್ಟ್ ಡಾಕ್ಟರೂ ಚೆನ್ನಾಗಿದೆ ಅಂದಿರುತ್ತಾರೆ. ಆದ್ದರಿಂದ ಈ ಭೇಟಿಯೇ ತಪ್ಪಿಹೋಗುತ್ತದೆ. ಕ್ರಿಯಾಟಿನಿನ್ ರಕ್ತ ಪರೀಕ್ಷೆಯ ಜೊತೆ ಮೂತ್ರದಲ್ಲಿ ಅಲ್ಬುಮಿನ್ ಹೋಗುತ್ತಿದೆಯೇ ಅನ್ನುವ ಪರೀಕ್ಷೆಯನ್ನೂ ಮಾಡಿಸಿ. ಎರಡೂ ಸಣ್ಣ ಲ್ಯಾಬ್‌ಗಳಲ್ಲೂ ಆಗುತ್ತವೆ. ಆ ತಾರೀಖನ್ನು ಡಿಸ್ಚಾರ್ಜ್ ದಿನವೇ ಕ್ಯಾಲೆಂಡರಿನಲ್ಲಿ ಗುರುತು ಮಾಡಿಟ್ಟುಕೊಳ್ಳಿ, ಆಪರೇಷನ್‌ಗೆ ಮುಂಚಿನ ರಿಪೋರ್ಟನ್ನು ಜೊತೆಗೆ ತೆಗೆದುಕೊಂಡು ಹೋಗಿ.